ಮೂರೇ ಆಟಕ್ಕೆ

"ಬರೀ ಮಾರಾಯ. ನೀನು ಯೋಚ್ನೆ ಮಾಡಿ ಮುಗಿಸೋ ಹೊತ್ತಿಗೆ ನನ್ನ ತಲೇಲಿರೋ ನಾಲ್ಕು ಕೂದ್ಲೂ ಉದುರಿಹೋಗುತ್ತೆ. ಆಮೇಲೆ ಮೊಂಚೊಗೆ ಕೆಲಸ ಇರಲ್ಲ," ಎಂದ ಸ್ಟಾಶ್, ಕೂತಲ್ಲಿಂದಲೇ.

ಎಫ್ರೈನ್ ದಪ್ಪ ಮಸಿಯ ಪೆನ್ನು ಹಿಡಿದು ಗೋಡೆಯ ಮುಂದೆ ನಿಂತಿದ್ದ. ಮೊಂಚೊನ ಕ್ಷೌರದಂಗಡಿಯ ದೊಡ್ಡ ಕನ್ನಡಿಯ ಪಕ್ಕ ಕಂದು ಕಾಗದದ ಉದ್ದನೆಯ ಹಾಳೆ ಅಂಟಿಸಿತ್ತು. ಪ್ರತಿ ಅಕ್ಟೋಬರಿನಲ್ಲಿ, ಬೇಸ್‌ಬಾಲಿನ ಕೊನೆಯ ಸುತ್ತುಗಳು, ಪ್ಲೇಆಫ್, ಶುರುವಾಗುವ ಎರಡು ದಿನ ಮೊದಲು, ಅದು ಅಲ್ಲಿಗೆ ಬರುತ್ತಿತ್ತು. ಯಾರು ಗೆಲ್ಲುತ್ತಾರೆ, ಎಷ್ಟು ಆಟಕ್ಕೆ ಗೆಲ್ಲುತ್ತಾರೆ, ಎರಡನ್ನೂ ಬರೆಯಬೇಕು. ಬರೆದದ್ದನ್ನು ಹೊಡೆದುಹಾಕುವಂತಿಲ್ಲ. ಯಾಕೆ ಹಾಗೆ ಬರೆದೆ ಎಂದು ಎಲ್ಲರ ಮುಂದೆ ಬಾಯಿಬಿಟ್ಟು ಹೇಳಲೂ ಬೇಕು. ಕೊನೆಯಲ್ಲಿ ಬರೆಯುವವನು ಎಫ್ರೈನ್. ಮೊದಲೇ ಬರೆದವರು ಮನೆಗೆ ಹೋಗದೆ ಅದಕ್ಕಾಗಿ ಕಾಯುತ್ತಿದ್ದರು.

ಎಫ್ರೈನ್ ಕಾರ್ತಹೇನಾ ಪೋರ್ಟೊರಿಕೊದಿಂದ ಹದಿನಾರನೆಯ ವಯಸ್ಸಿಗೆ ಸರೋವರದ ದಡದ ಈ ಊರಿಗೆ, ಲೊರೇನಿಗೆ, ಬಂದವನು. ಮೂವತ್ತೊಂದು ವರ್ಷ ಉಕ್ಕಿನ ಕಾರ್ಖಾನೆಯ ಕೊಳವೆ ವಿಭಾಗದಲ್ಲಿ ದುಡಿದವನು. ಓದು ಅಷ್ಟಕ್ಕಷ್ಟೆ, ಆದರೆ ಚೆಂಡಿನ ವಿಷಯದಲ್ಲಿ ಅವನ ಕಣ್ಣು ಮೋಸಹೋಗುತ್ತಿರಲಿಲ್ಲ. ನಮ್ಮ ತಂಡವೇ ಸೋಲುತ್ತದೆ ಎಂದು ಇದೇ ಗೋಡೆಯ ಮೇಲೆ ಐದು ಸಲ ಬರೆದಿದ್ದ. ಐದು ಸಲವೂ ಸೋತಿತ್ತು. ಒಂದು ವರ್ಷ ಯಾರೋ ಸಿಟ್ಟಿಗೆ ಅವನ ಕಾರಿನ ನಾಲ್ಕೂ ಚಕ್ರದ ಗಾಳಿ ಬಿಟ್ಟಿದ್ದರು. ಮರುವರ್ಷ ಅದೇ ಜನ ಅವನೇನು ಬರೆಯುತ್ತಾನೆ ಎಂದು ಕತ್ತು ಚಾಚಿ ನಿಂತಿದ್ದರು. "ಪ್ರೀತಿ ಬೇರೆ, ಚೆಂಡು ಬೇರೆ," ಎನ್ನುವುದು ಅವನ ಮಾತು.

ಈ ಸಲ ಅವನ ಮಗನೇ ತಂಡದಲ್ಲಿದ್ದ.

ನೊಯೆಲ್ ಎಡಗೈ ಎಸೆಗಾರ. ಹನ್ನೊಂದು ವರ್ಷ ಸಣ್ಣ ಊರುಗಳ ತಂಡಗಳಲ್ಲಿ ಬಸ್ಸಿನಲ್ಲಿ ಅಲೆದು, ಮೂವತ್ತೊಂದನೆಯ ವಯಸ್ಸಿನಲ್ಲಿ ದೊಡ್ಡ ತಂಡದ ಇಪ್ಪತ್ತಾರು ಹೆಸರುಗಳಲ್ಲಿ ಒಂದಾಗಿದ್ದ. ಆಟದ ಕೊನೆಯ ಹೊತ್ತಿಗೆ ಎದುರಾಳಿಯ ಎಡಗೈ ಹೊಡೆತಗಾರರು ಬಂದಾಗ ಅವನನ್ನು ಕಳಿಸುತ್ತಿದ್ದರು. ಈಗ ಎದುರಿಗಿದ್ದ ಪೂರ್ವದ ತಂಡದಲ್ಲಿ ಹೊಡೆಯಲು ಬರುವ ಮೊದಲ ನಾಲ್ವರಲ್ಲಿ ಮೂವರು ಎಡಗೈಯವರು. ಎಡಗೈ ಹೊಡೆತಗಾರರಿಗೆ ಎಡಗೈ ಎಸೆತವೇ ಕಷ್ಟ. ಅವರನ್ನು ನಿಲ್ಲಿಸಲು ನಮ್ಮವರಲ್ಲಿದ್ದ ಎಡಗೈ ಒಂದೇ, ನೊಯೆಲ್‌ನದು. ಐದರಲ್ಲಿ ಮೂರು ಆಟ ಗೆದ್ದವರು ಮುಂದಕ್ಕೆ. ಲೆಕ್ಕ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಎಲ್ಲರಿಗೂ ಗೊತ್ತಿಲ್ಲದ್ದು ಭಾನುವಾರ ಫೋನಿನಲ್ಲಿ ಬಂದಿತ್ತು. "ಅಪ್ಪಾ, ಕಿರುಬೆರಳು, ಅದರ ಪಕ್ಕದ್ದು, ಎರಡೂ ಮರಗಟ್ಟಿವೆ. ಜೋಮು ಹಿಡಿದ ಹಾಗೆ. ಯಾರಿಗೂ ಹೇಳಿಲ್ಲ. ಅಮ್ಮಂಗೂ ಹೇಳಬೇಡ. ಗೊತ್ತಾದ್ರೆ ಹೆಸರು ತೆಗೀತಾರೆ. ಈ ವರ್ಷ ಮುಗಿದ್ರೆ ಕರಾರೂ ಮುಗೀತು. ಇನ್ಯಾರೂ ಕರೆಯಲ್ಲ."

ಅಂದಿನಿಂದ ಎಫ್ರೈನ್‌ಗೆ ಕೂರಲು ಆಗಿರಲಿಲ್ಲ. ಕೂತರೆ ಏಳುತ್ತಿದ್ದ, ಎದ್ದರೆ ಸರೋವರದ ತನಕ ನಡೆದು ಅಲ್ಲಿ ನಿಲ್ಲದೆ ವಾಪಸು ಬರುತ್ತಿದ್ದ. ಈಗ ಗೋಡೆಯ ಮುಂದೆ ನಿಂತಾಗಲೂ ಕಾಲು ಬದಲಾಯಿಸುತ್ತಲೇ ಇದ್ದ. ಪೂರ್ವದವರು ಎಂದು ಬರೆದರೆ ಅಂಗಡಿಗೆ ಅಂಗಡಿಯೇ ಕೇಳುತ್ತದೆ: ಯಾಕೆ, ನಿನ್ನ ಮಗನಿಗೆ ಏನಾಗಿದೆ? ಊರಿನ ಪತ್ರಿಕೆಯ ಕೋರೀನ್ ಬೇರೆ ಕ್ಯಾಮೆರಾ ಹಿಡಿದು ಬಾಗಿಲ ಬಳಿ ನಿಂತಿದ್ದಳು. ಪ್ರತಿ ವರ್ಷ ಈ ಹಾಳೆಯ ಚಿತ್ರ ಪತ್ರಿಕೆಯಲ್ಲಿ ಬರುತ್ತಿತ್ತು. ನಮ್ಮವರು ಎಂದು ಬರೆದರೆ, ಅದು ಈ ಗೋಡೆಯ ಮೇಲೆ ಅವನು ಬರೆದ ಮೊದಲ ಸುಳ್ಳು.

"ಮಗನ ಮೇಲೆ ಬರೆಯೋದಕ್ಕೆ ಇಷ್ಟು ಹೊತ್ತು ಬೇಕಾ ಅಜ್ಜ?" ಎಂದಳು ಕೋರೀನ್. "ನಾಳೆ ಬೆಳಿಗ್ಗೆ ಪತ್ರಿಕೆ ಬರಬೇಕು."

"ಅವನು ಮಗನ ಮೇಲೂ ಬರೀತಾನೆ, ಮಗನ ವಿರುದ್ಧನೂ ಬರೀತಾನೆ. ಅವನನ್ನ ನಂಬಬೇಡಮ್ಮ," ಎಂದ ಸ್ಟಾಶ್. ಅವನು ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದವನು. ಅಲ್ಲಿ ಕೂಗಿ ಕೂಗಿ ಮಾತಾಡಿದ ಅಭ್ಯಾಸ ಇನ್ನೂ ಹೋಗಿರಲಿಲ್ಲ. "ಹೆಂಡ್ತಿ ಮಾಡಿದ ಅಡಿಗೆಗೂ ನೂರಕ್ಕೆ ಅರವತ್ತು ಕೊಡೋ ಆಸಾಮಿ."

ಎಫ್ರೈನ್ ಬರೆದ. ನಮ್ಮವರು. ಪಕ್ಕದಲ್ಲಿ: ಮೂರು.

ಒಂದೂ ಸೋಲದೆ ಮೂರಕ್ಕೆ ಮೂರು. ಹುಡುಗು ಮುಂಡೇವು ಬರೆಯುವ ಮಾತು ಅದು. ಎಫ್ರೈನ್ ಜನ್ಮದಲ್ಲಿ ಹಾಗೆ ಬರೆದವನಲ್ಲ.

"ಹೋಯ್ತು," ಎಂದ ಸ್ಟಾಶ್. "ಮುದುಕನ ತಲೆ ಕೆಟ್ಟೋಯ್ತು. ಕಾರಣ ಹೇಳಪ್ಪ."

ಎಫ್ರೈನ್ ಪೆನ್ನನ್ನು ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟ. "ನಮ್ಮ ಮೊದಲ ಮೂವರು ಎಸೆಗಾರರು ಚೆನ್ನಾಗಿದ್ದಾರೆ," ಎಂದ. "ಒಬ್ಬೊಬ್ಬನೂ ಒಂಬತ್ತರಲ್ಲಿ ಎಂಟು ಇನಿಂಗ್ಸ್ ಎಸೀತಾನೆ. ಕೊನೇಲಿ ಬರೋರು ಯಾರೂ ಬೇಕಾಗಲ್ಲ."

"ಕೇಳಿದ್ರಾ? ಸ್ವಂತ ಮಗನೇ ಬೇಡವಂತೆ ಇವನಿಗೆ."

ಅಂಗಡಿ ನಕ್ಕಿತು. ಕೋರೀನ್ ನಗುತ್ತಲೇ ಬರೆದುಕೊಂಡಳು, ಎಫ್ರೈನ್‌ನನ್ನು ಹಾಳೆಯ ಪಕ್ಕ ನಿಲ್ಲಿಸಿ ಚಿತ್ರ ತೆಗೆದಳು. ಅವನೂ ಹಲ್ಲು ತೋರಿಸಿದ. ಮೊಂಚೊ ಒಬ್ಬನೇ ನಗದೆ, ಬಾಚಣಿಗೆಯನ್ನು ಟವೆಲ್ಲಿನಲ್ಲಿ ಒರೆಸುತ್ತ ಹಾಳೆಯನ್ನೇ ನೋಡುತ್ತಿದ್ದ.

ಜನ ಚದುರಿದ ಮೇಲೆ ಮೊಂಚೊ ಕುರ್ಚಿಯನ್ನು ತಿರುಗಿಸಿದ. "ಕೂತ್ಕೋ ಕಂಪಾದ್ರೆ. ಕತ್ತಿನ ಹಿಂದೆ ಬೆಳೆದಿದೆ." ನೊಯೆಲ್‌ನ ಜ್ಞಾನಸ್ನಾನದ ದಿನ ಮಗುವನ್ನು ಕೈಯಲ್ಲಿ ಹಿಡಿದು ನಿಂತವನು ಮೊಂಚೊ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕಂಪಾದ್ರೆ ಎಂದೇ ಕರೆಯುತ್ತಿದ್ದರು.

"ಹೋದ ವಾರ ತಾನೇ ಮಾಡಿದ್ಯಲ್ಲ."

"ಕೂತ್ಕೋ ಅಂದೆ."

ಎಫ್ರೈನ್ ಕೂತ. ಮೊಂಚೊ ಬಟ್ಟೆ ಹೊದಿಸಿ ಕತ್ತಿನ ಹಿಂದೆ ಗಂಟು ಹಾಕಿದ, ಆದರೆ ಕತ್ತರಿ ತೆಗೆದುಕೊಳ್ಳಲಿಲ್ಲ. "ಭುಜವೋ, ಮೊಣಕೈಯೋ?" ಎಂದು ಕೇಳಿದ.

ಎಫ್ರೈನ್ ಕನ್ನಡಿಯಲ್ಲಿ ಅವನ ಮುಖ ನೋಡಿದ. "ಯಾರು ಹೇಳಿದ್ರು?"

"ನೀನೇ. ಅಷ್ಟು ದಪ್ಪಗೆ ಗೋಡೆ ಮೇಲೆ ಬರ್ದಿದೀಯ. ಆಟ ಬೇಗ ಮುಗೀಲಿ, ಹುಡುಗನ್ನ ಕರೆಯದೆ ಇರ್ಲಿ ಅಂತ. ಅದು ಲೆಕ್ಕ ಅಲ್ಲ, ಹರಕೆ."

ಎಫ್ರೈನ್ ಬಟ್ಟೆಯೊಳಗೆ ಕೈ ಹಿಸುಕಿಕೊಂಡ. "ಬೆರಳು," ಎಂದ ಕೊನೆಗೆ. "ಎರಡು ಬೆರಳು ಮರಗಟ್ಟಿದೆ. ಹೇಳಬೇಡ ಅಂದಿದಾನೆ."

ಮೊಂಚೊ ಕಾರ್ಖಾನೆಯ ತಂಡದಲ್ಲಿ ಹನ್ನೆರಡು ವರ್ಷ ಕ್ಯಾಚರ್ ಆಗಿ, ಹೊಡೆತಗಾರನ ಹಿಂದೆ ಚೆಂಡು ಹಿಡಿಯುತ್ತ, ಕೂತವನು. ಅವನ ಬಲಗೈಯ ಬೆರಳುಗಳು ಒಂದೂ ನೆಟ್ಟಗಿರಲಿಲ್ಲ. "ಬೆರಳಿಗೆ ಚೆಂಡಿನ ಹೊಲಿಗೆ ತಿಳೀಲಿಲ್ಲ ಅಂದ್ರೆ ಚೆಂಡು ಎಲ್ಲಿಗೆ ಹೋಗುತ್ತೆ ಅಂತ ಎಸೆದವನಿಗೂ ಗೊತ್ತಿರಲ್ಲ," ಎಂದ. "ಬ್ಯಾಟ್ ಹಿಡಿದು ನಿಂತಿದ್ದ ಲೆಸ್ಟರ್ ದವಡೆ ಮುರಿದಿದ್ದು ನೆನಪಿದ್ಯಾ? ಏಪ್ರಿಲ್ ಚಳಿ. ಎಸೆದವನ ಬೆರಳು ಸೆಟೆದುಹೋಗಿತ್ತು. ನಾನೇ ಎಸಿ ಅಂತ ಸನ್ನೆ ಮಾಡಿದ್ದು. ಲೆಸ್ಟರ್ ಎರಡು ತಿಂಗಳು ಸ್ಟ್ರಾ ಹಾಕ್ಕೊಂಡು ಗಂಜಿ ಕುಡಿದ. ಆವತ್ತು ನಮ್ಮವನು ಎಸೀತಿದ್ದ ವೇಗ ಎಷ್ಟು, ನೊಯೆಲ್ ಎಸೆಯೋ ವೇಗ ಎಷ್ಟು?"

"ಹನ್ನೊಂದು ವರ್ಷ ಕಾದಿದಾನೆ ಮೊಂಚೊ."

"ನಾನು ಇಲ್ಲ ಅಂದ್ನಾ?" ಎಂದು ಮೊಂಚೊ ಕತ್ತರಿ ಎತ್ತಿಕೊಂಡ. ಕತ್ತರಿಸಲು ಏನೂ ಇರಲಿಲ್ಲ. ಗಾಳಿಯಲ್ಲೇ ಎರಡು ಸಲ ಆಡಿಸಿ ಕೆಳಗಿಟ್ಟ.

ಶುಕ್ರವಾರ ಚಿತ್ರ ಬಂತು. ಕೆಳಗೆ ಒಂದು ಸಾಲು: 'ಮಗ ಬೇಕಾಗುವುದಿಲ್ಲ ಎಂದ ಅಪ್ಪ.' ಇಗರ್ಜಿಯ ಮೆಟ್ಟಿಲಲ್ಲಿ, ರೊಟ್ಟಿಯಂಗಡಿಯಲ್ಲಿ, ಕಂಡಕಂಡವರು ಎಫ್ರೈನ್‌ನ ಬೆನ್ನು ತಟ್ಟಿ ನಕ್ಕರು. ಅವನು ರೊಟ್ಟಿ ಬಿಟ್ಟು ಬರಿಗೈಯಲ್ಲಿ ಮನೆಗೆ ಬಂದ.

ಶನಿವಾರ ಮೊದಲ ಆಟ, ಮಧ್ಯಾಹ್ನ. ಬೆಳಿಗ್ಗೆಯೇ ಎದ್ದು ಹಿತ್ತಲಿನಲ್ಲಿ ಒಣಗಿದ ಟೊಮೆಟೊ ಗಿಡಗಳನ್ನು ಕಿತ್ತ. ಕಿತ್ತು ಮುಗಿದ ಮೇಲೆ ಒಣಗದಿದ್ದ ಎರಡನ್ನೂ ಕಿತ್ತ. ಹೆಂಡತಿ ಮಿಗ್ದಾಲಿಯಾ ಬಾಗಿಲಲ್ಲಿ ನಿಂತು ನೋಡಿದಳು. ಮೈದಾನಕ್ಕೆ ಹೊರಟಿದ್ದಳು. ಮಗನಿಗೆಂದು ತೊಗರಿಕಾಳಿನ ಅನ್ನದ ಡಬ್ಬಿ ಕಂಕುಳಲ್ಲಿತ್ತು.

"ಆ ಗಿಡ ನಿಂಗೇನು ಮಾಡಿತ್ತು? ಕಾಯಿ ಇತ್ತಲ್ಲ ಅದರಲ್ಲಿ. ಬರಲ್ವಾ ನೀನು?"

"ನಾನು ಬಂದು ಕೂತ್ರೆ ಅವನ ಗಮನ ಚೆದುರುತ್ತೆ."

"ಚೆದುರಿರೋದು ನಿನ್ನ ಗಮನ," ಎಂದು ಹೇಳಿ ಅವಳು ಕಾರು ಹತ್ತಿದಳು.

ಅವಳು ಹೋದ ಸ್ವಲ್ಪ ಹೊತ್ತಿಗೆ ಫೋನು ಬಂತು.

"ಅಪ್ಪಾ. ಪತ್ರಿಕೆ ನೋಡ್ದೆ. ಹುಡುಗ್ರು ಕತ್ತರಿಸಿ ನನ್ನ ಬೀರು ಮೇಲೆ ಅಂಟಿಸಿದಾರೆ. ಎಲ್ರೂ ನಗ್ತಿದಾರೆ."

"ನೀನು ನಗ್ಲಿಲ್ವಾ?"

"ನಕ್ಕೆ. ನಗದೆ ಏನ್ಮಾಡ್ಲಿ." ಆಮೇಲೆ ದನಿ ತಗ್ಗಿಸಿದ, "ಮೂರು ಆಟ ಅಂತ ನೀನು ಯಾವತ್ತೂ ಬರ್ದಿಲ್ಲ. ನಂಗೆ ತಿಳಿಯಲ್ಲ ಅಂದ್ಕೊಂಡ್ಯಾ?"

"ಬೆರಳು ಹೇಗಿದೆ?"

"ನಡುಬೆರಳೂ ಶುರುವಾಗಿದೆ."

ಎಫ್ರೈನ್ ಮಣ್ಣು ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಅವರಿಗೆ ಹೇಳು ಮಗಾ."

"ಹೇಳಿದ್ರೆ ಈ ಸುತ್ತಿಂದ ತೆಗೀತಾರೆ. ಈ ಸುತ್ತಿಂದ ತೆಗೆದ್ರೆ ಮುಂದಿನ ಸುತ್ತಿಗೂ ಇಲ್ಲ. ಅಲ್ಲಿಗೆ ಮುಗೀತು. ಒಬ್ಬನೇ ಒಬ್ಬ ಅಪ್ಪಾ. ಒಬ್ಬನನ್ನ ಔಟ್ ಮಾಡಿದ್ರೆ ಸಾಕು. ಒಂದು ಸಲ." ಅವನ ಉಸಿರು ಕೇಳಿಸಿತು. "ನೀನು ಯಾರಿಗಾದ್ರೂ ಫೋನ್ ಮಾಡ್ತೀಯಾ?"

ತಂಡದ ಕಚೇರಿಯ ಸಂಖ್ಯೆಯನ್ನು ಬರೆದ ಚೀಟಿ ಎರಡು ದಿನದಿಂದ ಎಫ್ರೈನ್‌ನ ಅಂಗಿಯ ಜೇಬಿನಲ್ಲಿತ್ತು. "ಮಾಡಲ್ಲ," ಎಂದ. "ಕೈ ನಿಂದು. ಬಾಯೂ ನಿಂದೇ ಇರ್ಲಿ. ಆದ್ರೆ ಎದುರಿಗೆ ನಿಲ್ಲೋನಿಗೂ ಒಬ್ಬ ಅಪ್ಪ ಇರ್ತಾನೆ ನೋಡು."

ಆ ಕಡೆ ಯಾರೋ ನೊಯೆಲ್‌ನ ಹೆಸರು ಕೂಗಿದರು. ಫೋನು ಕಡಿಯಿತು.

ಮಧ್ಯಾಹ್ನ ಮೊಂಚೊನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಫ್ರೈನ್‌ಗೆ ಟಿವಿಯ ಎದುರಿನ ಕ್ಷೌರದ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಅವನು ಎರಡು ಸಲ ಎದ್ದು ಹೊರಗೆ ಹೋದ. ಎರಡು ಸಲವೂ ಮೊಂಚೊ ಹೋಗಿ ಕರೆತಂದ. ನಮ್ಮ ಮೊದಲ ಎಸೆಗಾರ ಚೆನ್ನಾಗಿಯೇ ಎಸೆದ. ಏಳು ಇನಿಂಗ್ಸ್ ಮುಗಿದಾಗ ಮೂರಕ್ಕೆ ಎರಡು, ನಮ್ಮದೇ ಮುಂದೆ.

"ಮುದುಕ ಹೇಳಿದ ಹಾಗೇ ಆಗ್ತಿದೆ ಕಣ್ರಯ್ಯಾ," ಎಂದ ಸ್ಟಾಶ್.

ಎಂಟನೆಯದರಲ್ಲಿ ಎಸೆಗಾರನಿಗೆ ಸುಸ್ತು ಹತ್ತಿತು. ಪೂರ್ವದವರ ಒಬ್ಬ ಹೊಡೆದು ಓಡಿ ನೆಲೆ ಹಿಡಿದ, ನಾಲ್ಕು ಎಸೆತ ಗುರಿ ತಪ್ಪಿದ್ದಕ್ಕೆ ಇನ್ನೊಬ್ಬ ಪುಕ್ಕಟೆ ನೆಲೆಗೆ ನಡೆದ. ಮುಂದಿನವನು ಎಡಗೈಯವನು, ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. ಮೈದಾನದ ಅಂಚಿನ ಬೇಲಿಯ ಬಾಗಿಲು ತೆರೆಯಿತು. ನೊಯೆಲ್ ತಲೆ ತಗ್ಗಿಸಿಕೊಂಡು ಹುಲ್ಲಿನ ಮೇಲೆ ಓಡಿ ಬಂದ.

ಅಂಗಡಿ ಎದ್ದು ನಿಂತಿತು. ಯಾರೋ ಎಫ್ರೈನ್‌ನ ಭುಜ ಹಿಡಿದು ಅಲ್ಲಾಡಿಸಿದರು. ಅವನಿಗೆ ಜನರ ಬೆನ್ನುಗಳ ನಡುವೆ ಟಿವಿ ಅರ್ಧ ಮಾತ್ರ ಕಾಣುತ್ತಿತ್ತು. ಆ ಅರ್ಧದಲ್ಲಿ ನೊಯೆಲ್ ಎಡಗೈಯನ್ನು ಬಾಯಿಯ ಹತ್ತಿರ ತಂದು ಊದಿಕೊಳ್ಳುತ್ತಿದ್ದ. ಹೊರಗೆ ಬಿಸಿಲಿತ್ತು.

"ಸರೀರಯ್ಯಾ, ಅವನಿಗೆ ಕಾಣಲಿ," ಎಂದ ಮೊಂಚೊ.

ನೊಯೆಲ್ ಮೊದಲ ಚೆಂಡನ್ನು ಎಸೆದ. ಅದು ಕೈಯಿಂದ ಬಿಟ್ಟಾಗಲೇ ಎಫ್ರೈನ್‌ಗೆ ಗೊತ್ತಾಯಿತು. ಆ ಹುಡುಗ ಬ್ಯಾಟನ್ನು ಬಿಟ್ಟು ನೆಲಕ್ಕೆ ಬಿದ್ದ. ಚೆಂಡು ಅವನ ತಲೆ ಇದ್ದ ಜಾಗದಲ್ಲಿ ಹಾಯ್ದು ಹಿಂದಿನ ಗೋಡೆಗೆ ಬಡಿಯಿತು. ಓಟಗಾರರಿಬ್ಬರೂ ಒಂದೊಂದು ನೆಲೆ ಮುಂದೆ ಹೋದರು. ಹುಡುಗ ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡ.

"ಪರವಾಗಿಲ್ಲ, ಪರವಾಗಿಲ್ಲ. ಮೊದಲನೇದು ಹಾಗೇನೆ. ಈಗ ನೋಡಿ," ಎಂದ ಸ್ಟಾಶ್.

ಕ್ಯಾಚರ್ ಹೊಸ ಚೆಂಡು ಎಸೆದುಕೊಟ್ಟ. ನೊಯೆಲ್ ಅದನ್ನು ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ. ಎದುರಿನ ಹುಡುಗನನ್ನು ನೋಡಿದ. ಮೈದಾನದಲ್ಲಿ ನಲವತ್ತು ಸಾವಿರ ಜನ ಎದ್ದು ಕೂಗುತ್ತಿದ್ದರು. ಅವನು ಎಸೆಗಾರ ನಿಲ್ಲುವ ದಿಬ್ಬದಿಂದ ಒಂದು ಹೆಜ್ಜೆ ಕೆಳಗಿಳಿದು, ತಂಡದವರು ಕೂತಿದ್ದ ಕಡೆಗೆ ತಿರುಗಿ, ಕೈ ಎತ್ತಿ ಕರೆದ.

ತರಬೇತುದಾರನೂ ವೈದ್ಯನೂ ಓಡಿ ಬಂದರು. ನೊಯೆಲ್ ಕೈಗವಸನ್ನು ಬಾಯಿಗೆ ಅಡ್ಡ ಹಿಡಿದು ಏನೋ ಹೇಳಿದ. ವೈದ್ಯ ಒಂದೊಂದೇ ಬೆರಳನ್ನು ಒತ್ತಿ ನೋಡಿದ. ನೊಯೆಲ್ ತಲೆ ಅಡ್ಡಕ್ಕೆ ಆಡಿಸಿದ, ಮತ್ತೆ ಅಡ್ಡಕ್ಕೆ, ಮತ್ತೆ. ಆಮೇಲೆ ಚೆಂಡನ್ನು ತರಬೇತುದಾರನ ಅಂಗೈಯಲ್ಲಿಟ್ಟು ನಡೆದ. ಓಡಲಿಲ್ಲ.

"ಏನಾಯ್ತು? ಒಂದೇ ಎಸೆತಕ್ಕೆ ಏನಾಯ್ತು ಇವನಿಗೆ?" ಎಂದ ಸ್ಟಾಶ್. "ಎಫ್ರೈನ್, ನಿಂಗೆ ಗೊತ್ತಿತ್ತಾ?"

"ಬಾಯ್ಮುಚ್ಕೊಂಡು ನೋಡು," ಎಂದ ಮೊಂಚೊ.

ಬೇರೆ ಎಸೆಗಾರ ಕೈ ಬಿಸಿ ಮಾಡಿಕೊಳ್ಳತೊಡಗಿದ. ಕ್ಯಾಮೆರಾ ಮಾತ್ರ ನೊಯೆಲ್‌ನ ಹಿಂದೆಯೇ ಹೋಯಿತು. ಅವನು ಬೆಂಚಿನ ತುದಿಯಲ್ಲಿ ಕೂತು ನೀರಿನ ಬಾಟಲಿ ತೆಗೆದುಕೊಂಡ. ಮುಚ್ಚಳದ ಮೇಲೆ ಎಡಗೈ ಇಟ್ಟು ತಿರುಗಿಸಿದ. ಬೆರಳು ಜಾರಿತು. ಮತ್ತೆ ತಿರುಗಿಸಿದ, ಮತ್ತೆ ಜಾರಿತು. ಪಕ್ಕದಲ್ಲಿ ಕೂತಿದ್ದ ಆಟಗಾರ ಮೈದಾನದಿಂದ ಕಣ್ಣು ತೆಗೆಯದೆ ಕೈ ಚಾಚಿ ಬಾಟಲಿ ತೆಗೆದುಕೊಂಡ, ಮುಚ್ಚಳ ಬಿಚ್ಚಿದ, ವಾಪಸು ಅವನ ಕೈಯಲ್ಲಿಟ್ಟ. ಅಷ್ಟರಲ್ಲಿ ಜಾಹೀರಾತು ಬಂತು.

ಎಫ್ರೈನ್ ಜಾಹೀರಾತನ್ನೇ ನೋಡುತ್ತ ಕೂತಿದ್ದ. ಯಾವುದೋ ಕಾರು ಬೆಟ್ಟ ಹತ್ತುತ್ತಿತ್ತು. ಕುರ್ಚಿಯ ಕೈಯ ಮೇಲಿದ್ದ ಅವನ ಬೆರಳುಗಳು ತಾವಾಗಿಯೇ ಒಟ್ಟುಗೂಡಿ, ನಿಧಾನವಾಗಿ, ಬಿಗಿಯಾದದ್ದೇನನ್ನೋ ಬಿಚ್ಚುವ ಹಾಗೆ, ಒಂದು ಸುತ್ತು ತಿರುಗಿದವು.