ಬಿಸಿ ಕೈ

ಸೊಸೆ ಕಡೆಗೋಲಿಗೆ ಹಗ್ಗ ಸುತ್ತುತ್ತಿದ್ದಾಗ ನಾದಿನಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅತ್ತೆಯನ್ನು ಮಣ್ಣು ಮಾಡಿ ಎಲ್ಲರೂ ಆಗಷ್ಟೇ ಮರಳಿದ್ದರು.

"ಅತ್ತಿಗೆ, ಇವತ್ತೂನಾ?"

"ನಿಮ್ಮಮ್ಮ ರಾತ್ರಿ ಹೆಪ್ಪು ಹಾಕಿ ಮಲಗಿದ ಮೊಸರು ಕಣೇ. ನಾಳೆಗೆ ಹುಳಿಯಾಗಿಬಿಡುತ್ತೆ. ಚೆಲ್ಲೋಕೆ ಮನಸ್ಸಾಗ್ತಿಲ್ಲ."

"ಬೆಣ್ಣೆ ಬರದಿದ್ರೆ?"

"ನಂಗೂ ಅದೇ ಭಯ."

*

ಮದುವೆಯಾಗಿ ಬಂದ ಹೊಸದರಲ್ಲೇ ಅತ್ತೆ ಅವಳ ಅಂಗೈ ಮುಟ್ಟಿ ನೋಡಿ, "ಅಯ್ಯೋ, ಒಲೆ ಇದ್ದಂಗಿದೆ! ನೀನು ಕಡೆದ್ರೆ ಬೆಣ್ಣೆ ಕರಗಿ ಓಡಿಹೋಗುತ್ತೆ ತಾಯಿ," ಎಂದು ನಕ್ಕಿದ್ದರು. ಅಂದಿನಿಂದ ಗಡಿಗೆ ಅತ್ತೆಯದು, ಒಲೆ ಸೊಸೆಯದು.

ಆದರೂ ದಿನಾ, ಕಡೆಯುವ ಸದ್ದು ದಪ್ಪವಾಗುತ್ತಿದ್ದಂತೆ, "ಸ್ವಲ್ಪ ಹಗ್ಗ ಹಿಡಿ, ಸೊಂಟ ಹಿಡ್ಕೊಂಡಿದೆ," ಎಂದು ಅತ್ತೆ ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಸೊಸೆ ಗೊಣಗುತ್ತ ನಾಲ್ಕು ಸಲ ಎಳೆದರೆ ಸಾಕು, ಬೆಣ್ಣೆ ತೇಲುತ್ತಿತ್ತು. ದುಡಿದವರು ಅವರು, ತನ್ನದೇನಿದೆ ಎಂದುಕೊಂಡು ಅವಳು ಮತ್ತೆ ಒಲೆಯ ಮುಂದೆ ಕೂರುತ್ತಿದ್ದಳು.

*

ಇವತ್ತು ಸೊಸೆ ಎಷ್ಟು ಹೊತ್ತು ಎಳೆದರೂ ಬರೀ ನೊರೆ. ಪಕ್ಕದ ಮನೆಯ ಟೈಲರಮ್ಮ ಫ್ಲಾಸ್ಕಿನಲ್ಲಿ ಚಹಾ ತಂದವರು ಅವಳ ಮುಖ ನೋಡಿದರು.

"ಏನಮ್ಮಾ, ಬೆಣ್ಣೆ ಮುನಿಸಿಕೊಂಡಿದ್ಯಾ?"

"ನಂದು ಬಿಸಿ ಕೈ, ಟೈಲರಮ್ಮ. ಅತ್ತೆ ಹೇಳ್ತಾನೇ ಇದ್ರು."

"ನಿಂಗೆ ಹಾಗಂದಿದ್ರಾ? ನನ್ ಹತ್ರ ಬೇರೇನೇ ಪುರಾಣ! ದಿನಾ ಹಿತ್ತಲ ಗೋಡೆಗೆ ಒರಗಿ, 'ನಾನು ಎಳೆದೂ ಎಳೆದೂ ಸಾಯ್ತೀನಿ, ನನ್ ಸೊಸೆ ಮುಟ್ಟಿದ ತಕ್ಷಣ ಬರುತ್ತೆ ನೋಡು' ಅಂತಿದ್ರು. ಕೇಳಿ ಕೇಳಿ ನನ್ ಕಿವಿ ತೂತಾಗಿತ್ತು."

ನಾದಿನಿ ಅಳುತ್ತಿದ್ದವಳು ಫಕ್ಕನೆ ನಕ್ಕಳು. "ನನ್ ಹತ್ರಾನೂ ಹೇಳ್ತಿದ್ಲು. 'ಅವಳಿಗೆ ಮಾತ್ರ ಹೇಳ್ಬೇಡ, ತಲೆ ಮೇಲೆ ಕೂರ್ತಾಳೆ' ಅಂತ."

ಸೊಸೆ ಸೆರಗಿನಿಂದ ಮೂಗೊರೆಸಿಕೊಂಡು, ಗಡಿಗೆಗೆ ಒಂದು ಲೋಟ ತಣ್ಣೀರು ಸುರಿದು ಮತ್ತೆ ಹಗ್ಗ ಹಿಡಿದಳು. ಮೊಸರು ಸೊರಸೊರ ಎನ್ನುತ್ತಿದ್ದದ್ದು ಮೆಲ್ಲಗೆ ಬದಲಾಯಿತು. ಗಡಿಗೆಯ ಹೊಟ್ಟೆಯೊಳಗೆ ಸದ್ದು ದಪ್ಪವಾಗುತ್ತ ಬಂತು.

ಅವಳು ಎಳೆಯುವುದನ್ನು ನಿಲ್ಲಿಸಿ ನಾದಿನಿಯತ್ತ ತಿರುಗಿದಳು.

"ಬಾರೇ ಇಲ್ಲಿ, ಸ್ವಲ್ಪ ಹಗ್ಗ ಹಿಡಿ. ಸೊಂಟ ಹಿಡ್ಕೊಂಡಿದೆ."

"ನಂಗೆ ಬರಲ್ಲ ಅತ್ತಿಗೆ!"

"ಎಳಿ, ಸಾಕು."

ಅವಳು ನೆಟ್ಟಗೆ ಎದ್ದು ಹಿತ್ತಲಿಗೆ ನಡೆದಳು. ಮೋಟುಗೋಡೆಯ ಮೇಲೆ, ದಿನಾ ಮೊಣಕೈ ಊರಿ ಊರಿ ನುಣುಪಾದ ಜಾಗವೊಂದಿತ್ತು. ಒಳಗಿನಿಂದ, "ಅತ್ತಿಗೇ, ಬಂತು! ಬಂತು!" ಎಂಬ ಕೂಗು ಕೇಳಿಸಿತು. ಸೊಸೆ ಆ ಜಾಗದಲ್ಲಿ ತನ್ನ ಮೊಣಕೈ ಊರಿ, ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಳು.