ಕೊಕ್ಕರೆಕುದ್ರಿನ ಉಪ್ಪು ನೀರು

ನಾನು ಒಂದು ಪಂಪು. ತೋಟಕ್ಕೆ ನೀರು ಹಾಯಿಸಿ ಹೊಗಳಿಸಿಕೊಳ್ಳುವ ಜಾತಿಯವನಲ್ಲ. ದೋಣಿಯ ಹೊಟ್ಟೆಯೊಳಗೆ ಎಂಜಿನ್ನಿನ ಪಕ್ಕೆಗೆ ಅಂಟಿಕೊಂಡು, ಕೆಳಗಿನ ಉಪ್ಪುನೀರನ್ನು ಹೀರಿ, ಅದರ ಮೈಸುತ್ತ ಓಡಿಸಿ, ಹಿಂದಿನ ಹೊಗೆಕೊಳವೆಯಿಂದ ಹೊರಗೆ ಉಗುಳುವವನು. ಮೈ ಕಂಚಿನದು. ಒಳಗೆ ಆರು ರೆಕ್ಕೆಯ ರಬ್ಬರ್ ಚಕ್ರ. ಅದೇ ನನ್ನ ಜೀವ. ಹೆಸರು ಎಂಜಿನ್ನಿಗೆ, ಆಯುಧಪೂಜೆಯ ಕುಂಕುಮವೂ ಎಂಜಿನ್ನಿನ ಹಣೆಗೆ. ಅದರ ತಲೆ ತಣ್ಣಗಿರಲೆಂದು ಉಪ್ಪು ಕುಡಿಯುವವನು ನಾನು. ದುಡಿಯುವವರ ಲೋಕದಲ್ಲಿ ಇದೇನು ಹೊಸ ಸುದ್ದಿಯಲ್ಲ ಬಿಡಿ.

ನಾನು ಹುಟ್ಟಿದ್ದು ಮರಳಿನ ಅಚ್ಚಿನಲ್ಲಿ. ಎರಕ ಹೊಯ್ದವನ ಮುಖ ಕಾಣಲಿಲ್ಲ; ಅಚ್ಚು ಒಡೆಯುವಾಗ ಅವನು ಕೆಮ್ಮುತ್ತಿದ್ದುದು ಮಾತ್ರ ಕೇಳಿಸಿತು. ಹುಟ್ಟಿಸಿದ ಮರಳೇ ಮುಂದೆ ನನ್ನನ್ನು ತಿನ್ನುತ್ತದೆಂದು ಆಗ ಯಾರಿಗೆ ಗೊತ್ತು?

ಮೊದಲ ಒಡೆಯ ದೊಡ್ಡ ಮೀನುಬೋಟಿನ ಧಣಿ. ಅವರು ಬಿಳಿ ಚಪ್ಪಲಿಯಲ್ಲಿ ಬಂದು ಮೀನು ನೋಡಿ ಹೋಗುತ್ತಿದ್ದರು. ನನ್ನ ಬಳಿಗೆ ಒಮ್ಮೆಯೂ ಬಗ್ಗಲಿಲ್ಲ. ಬೋಟು ಹಳತಾಗಿ ಅದನ್ನು ಒಡೆಸಿದಾಗ, ಗುಜರಿಯ ರಾಶಿಯಿಂದ ಎಂಜಿನ್ನಿನ ಜೊತೆಗೆ ನನ್ನನ್ನೂ ಎತ್ತಿ ತಂದವನು ಹೆರಿಯ ಮರಕಾಲ.

ಹೆರಿಯನ ಊರು ಕೊಕ್ಕರೆಕುದ್ರು. ಕುದ್ರು ಎಂದರೆ ಹೊಳೆಯ ನಡುವಿನ ತುಂಡು ನೆಲ. ಪ್ರತಿ ಚುನಾವಣೆಯಲ್ಲೂ ಅಲ್ಲಿಗೊಂದು ಸೇತುವೆ ಬರುತ್ತದೆ; ಮತ ಎಣಿಸುವ ಹೊತ್ತಿಗೆ ಕರಗಿ ಹೋಗುತ್ತದೆ. ಹಾಗಾಗಿ ಊರವರೇ ಸೇರಿ ಕಟ್ಟಿದ ದೋಣಿಗೆ ಎಂಜಿನ್ನೂ ನಾನೂ ಸೇರಿಕೊಂಡೆವು. ಹೆರಿಯ ದಿನಾ ಹಿಂದೆ ತಿರುಗಿ ನೋಡುತ್ತಿದ್ದ. ಹೊಗೆಯ ಜೊತೆ ನೀರು ಬಿದ್ದರೆ ಅವನಿಗೆ ಸಮಾಧಾನ. ಅಷ್ಟು ಮರ್ಯಾದೆ ನನಗೆ ಮೊದಲ ಸಲ ಸಿಕ್ಕಿತು.

ಆಮೇಲೆ ಮರಳಿನ ಗುತ್ತಿಗೆದಾರ ಬಂದ. ಯಂತ್ರ ಹೊಳೆಯ ತಳ ಬಗೆಯಿತು. ದಂಡೆ ಕುಸಿಯಿತು, ಸಮುದ್ರದ ನೀರು ಒಳನುಗ್ಗಿ ಕುದ್ರಿನ ಬಾವಿಗಳು ಉಪ್ಪಾದವು. ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ಅಲ್ಲಿನ ಪದ್ಧತಿ. ಈಗ ಬೆಲ್ಲ ಕೊಟ್ಟು, ನೀರಿಗೆ ತಲೆ ತಗ್ಗಿಸಬೇಕಾಯಿತು.

ಗುತ್ತಿಗೆಯನ್ನು ಇನ್ನಷ್ಟು ಕಾಲ ಮುಂದುವರಿಸಲು ಇಲಾಖೆಯ ಸಾಹೇಬರು ಪೇಟೆಯಲ್ಲಿ ಸಭೆ ಕರೆದರು. ಹನ್ನೊಂದು ಗಂಟೆಗೆ ಊರವರು ಬರದಿದ್ದರೆ ‘ಆಕ್ಷೇಪಣೆ ಇಲ್ಲ’ ಎಂದು ಬರೆದು ಮುಗಿಸುವುದೆಂದು ಹೇಳಿ ಕಳಿಸಿದ್ದರು. ಆ ಬೆಳಿಗ್ಗೆ ಹೆಂಗಸರೆಲ್ಲ ಕೊಡದಲ್ಲಿ ಬಾವಿಯ ನೀರು ತುಂಬಿಕೊಂಡು ದೋಣಿ ಹತ್ತಿದರು. ಹೊಳೆಯಲ್ಲಿ ಮರುವಾಯಿ ಚಿಪ್ಪು ಹೆಕ್ಕುವ ನರ್ಸಿ ಸೆರಗಿನಲ್ಲಿ ಬೆಲ್ಲ ಕಟ್ಟಿಕೊಂಡಿದ್ದಳು.

ನಡುಹೊಳೆಯಲ್ಲಿ ನನ್ನ ಉಸಿರು ಕಟ್ಟಿತು.

“ಹ್ವಾಯ್ ಹೆರಿಯಣ್ಣ, ಹಿಂದೆ ಬರೀ ಹೊಗೆ ಕಾಣಿ! ನೀರೇ ಬತ್ತಿಲ್ಲೆ!” ಎಂದಳು ನರ್ಸಿ.

ಹೆರಿಯ ಎಂಜಿನ್ ನಿಲ್ಲಿಸಿದ. ಅವನ ಭಾವ ಸೂರ, ಅವಸರದಲ್ಲಿ ಬಕೆಟ್ಟು ಎತ್ತಿ ಎಂಜಿನ್ನಿನ ಮೇಲೆ ಸುರಿಯಲು ಹೊರಟ.

“ಏ, ಮಂಡೆ ಸಮ ಇತ್ತಾ ನಿಂಗೆ? ಕಾದ ಕಬ್ಬಿಣಕ್ಕೆ ತಣ್ಣೀರ್ ಹೊಯ್ದ್ರೆ ಒಡ್ದೇ ಹೋತ್ತ್!” ಎಂದು ಹೆರಿಯ ಅವನನ್ನು ತಡೆದ.

ಇಳಿತದ ಸೆಳೆತ ದೋಣಿಯನ್ನು ಹೊಳೆ ಕಡಲು ಸೇರುವ ಅಳಿವೆಯ ಕಡೆಗೆ ಎಳೆಯುತ್ತಿತ್ತು. ಸೂರ ಬಿದಿರಿನ ಜಲ್ಲೆ ಊರಿ ತಡೆಯಲು ನೋಡಿದ. ಮರಳು ಬಗೆದ ಹೊಂಡದಲ್ಲಿ ಜಲ್ಲೆಗೆ ನೆಲವೇ ಸಿಗಲಿಲ್ಲ. ಲಂಗರು ಇಳಿಸಿದರು, ಅದು ಹೊಂಡದ ಅಂಚಿನಲ್ಲಿ ಹೇಗೋ ಕಚ್ಚಿಕೊಂಡಿತು.

ಹೆರಿಯ ಕೆಳಗಿನಿಂದ ಶುರುಮಾಡಿದ. ತಳದ ಕೊಳವೆ ಬಿಚ್ಚಿದ. ನೀರು ಚಿಮ್ಮಿತು, ಬಾಯಿ ಕಟ್ಟಿರಲಿಲ್ಲ; ತಿರುಪು ತಿರುಗಿಸಿ ಮುಚ್ಚಿದ. ಜಾಲರಿ ತೆಗೆದ, ಕಸವಿರಲಿಲ್ಲ, ನುಣ್ಣನೆಯ ಮರಳಿತ್ತು. ಕೊನೆಗೆ ನನ್ನ ಮುಚ್ಚಳ ತೆಗೆದ. ಮರಳು ಅರೆದೂ ಅರೆದೂ ನನ್ನ ರೆಕ್ಕೆಗಳು ಕಿತ್ತುಹೋಗಿದ್ದವು.

“ಇವ್ನ್ ಹಲ್ಲೆಲ್ಲ ಹೋಯ್ತ್,” ಎಂದ ಹೆರಿಯ.

“ಬೇರೆ ಹಲ್ಲಿಲ್ಯಾ?” ಎಂದ ಸೂರ.

“ಇತ್ತ್. ಪೇಟೆ ಅಂಗ್ಡೀಲಿ.”

ಯಾರೂ ನಗಲಿಲ್ಲ. ಹೆರಿಯ ನನ್ನನ್ನು ಕಳಚಿ ಹಲಗೆಯ ಮೇಲಿಟ್ಟು, ನನ್ನಿಂದ ಎಂಜಿನ್ನಿಗೆ ಹೋಗುವ ಕೊಳವೆಯಲ್ಲಿ ಸಿಕ್ಕಿಕೊಂಡಿದ್ದ ರೆಕ್ಕೆಯ ಚೂರುಗಳನ್ನು ತಂತಿಯಲ್ಲಿ ಎಳೆದು ತೆಗೆದ. ನರ್ಸಿ ಆ ಕೊಳವೆಯ ಖಾಲಿ ಬಾಯಿಯನ್ನೇ ನೋಡುತ್ತಿದ್ದಳು.

“ಇದ್ರ್ ಬಾಯಿಗೆ ನಾವೇ ನೀರ್ ಹೊಯ್ದ್ರೆ?”

ಹೆರಿಯ ಅವಳ ಮುಖ ನೋಡಿದ. “ನಿಧಾನಕ್ಕೆ ಹೋಪುಕಾತ್ತ್. ಆದ್ರೆ ಧಾರೆ ನಿಲ್ಲೂಕಾಗ.”

ಹೊಯ್ಯಲು ಕೊಡ ಬೇಕು. ಕೊಡದ ತುಂಬ ಬಾವಿಯ ನೀರು, ಅವರ ಸಾಕ್ಷಿ. ಹೆಂಗಸರು ಕೊಡಗಳನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

“ಒಂದ್ ಕೊಡ ಇರ್ಲಿ,” ಎಂದಳು ನರ್ಸಿ. “ಸಾಹೇಬ್ರಿಗೆ ಹೊಟ್ಟೆ ಒಂದೇ ಅಲ್ದಾ.”

ಆಗ ನಗು ಬಂತು. ಸೂರ ಕೊಳವೆಯನ್ನು ಎತ್ತಿ ಹಿಡಿದು ಬಾಯಿಗೆ ಆಲಿಕೆ ಸಿಕ್ಕಿಸಿದ. ಲಂಗರು ಎತ್ತಿದರು, ಎಂಜಿನ್ ಗುಡುಗಿತು. ಮೊದಲು ಬಾವಿಯ ನೀರು ಹೋಯಿತು, ಆಮೇಲೆ ಹೊಳೆಯ ನೀರು. ಒಬ್ಬಳು ಮೊಗೆದಳು, ಇನ್ನೊಬ್ಬಳು ದಾಟಿಸಿದಳು, ನರ್ಸಿ ಹೊಯ್ದಳು. ಖಾಲಿ ಕೊಡ ಹಿಂದಕ್ಕೆ, ತುಂಬಿದ ಕೊಡ ಮುಂದಕ್ಕೆ. ಸೀರೆಗಳು ನೆನೆದವು, ಬಳೆ ಒಡೆದವು, ಧಾರೆ ನಿಲ್ಲಲಿಲ್ಲ. ಹಿಂದೆ ಹೊಗೆಕೊಳವೆ ನೀರು ಉಗುಳಿತು. ನನ್ನೊಬ್ಬನ ಕೆಲಸವನ್ನು ಇಡೀ ಊರು ಮಾಡುವುದನ್ನು ನಾನು ಹಲಗೆಯ ಮೇಲೆ ಬಾಯಿ ತೆರೆದುಕೊಂಡು ನೋಡಿದೆ.

ಪೇಟೆಯ ದಡ ಮುಟ್ಟಿದ ಮೇಲೆ, ಹೊಸ ಚಕ್ರ ಕೊಳ್ಳಲೆಂದು ಹೆರಿಯ ನನ್ನನ್ನು ಚೀಲಕ್ಕೆ ಹಾಕಿಕೊಂಡಿದ್ದ. ಹಾಗಾಗಿ ಸಭೆಯನ್ನು ನಾನು ಬೆಂಚಿನ ಕೆಳಗಿನಿಂದ ಕಂಡೆ. ನಾವು ಒಳಗೆ ಕಾಲಿಡುವಾಗ ಸಾಹೇಬರ ಪೆನ್ನಿನ ಮುಚ್ಚಳ ತೆರೆದಿತ್ತು.

“ನಾವ್ ಬರೂಕೆ ಮುಂಚೆ ಬರೀಬೇಡಿ,” ಎಂದಳು ನರ್ಸಿ. ಮೇಜಿನ ಮೇಲೆ ಬೆಲ್ಲದ ತುಂಡು ಇಟ್ಟಳು, ಉಳಿದಿದ್ದ ಕೊಡದಿಂದ ಲೋಟಕ್ಕೆ ಬಗ್ಗಿಸಿದಳು. “ನಮ್ಮೂರಿನ ಮರ್ಯಾದೆ. ಕುಡೀನಿ ಸಾಹೇಬ್ರೆ.”

ಬೆಲ್ಲ ಬಾಯಿಗೆ ಹಾಕಿಕೊಂಡ ಮೇಲೆ ನೀರು ಬೇಡವೆನ್ನಲಾಗುವುದಿಲ್ಲ. ಸಾಹೇಬರು ಒಂದು ಗುಟುಕು ಕುಡಿದು, ಉಗುಳಲು ಕಿಟಕಿ ಹುಡುಕಿದರು.

“ನಮ್ ಮಕ್ಳಿಗೆ ಕಿಟಕಿ ಇಲ್ಲೆ ಸಾಹೇಬ್ರೆ. ನುಂಗ್ತೊ.”

ಅವರೂ ನುಂಗಿದರು. ಪೆನ್ನಿಗೆ ಮುಚ್ಚಳ ಹಾಕಿದರು.

ಒಂದು ಲೋಟ ನೀರಿಗೆ ಗುತ್ತಿಗೆದಾರ ಓಡಿಹೋದನೆಂದು ತಿಳಿಯಬೇಡಿ. ಬಾವಿ ಪರೀಕ್ಷೆಯಾಗುವ ತನಕ ಎಂದು ಯಂತ್ರ ನಿಂತಿತು, ಅಷ್ಟೇ. ಕದ್ದು ಶುರುವಾದಾಗ ದೋಣಿಗಳು ಸುತ್ತುವರಿದವು. ಮತ್ತೆ ಶುರುವಾಯಿತು, ಮತ್ತೆ ಸುತ್ತುವರಿದವು. ಕಡೆಗೊಂದು ದಿನ ಗುತ್ತಿಗೆದಾರನ ಆಳುಗಳೇ ಯಂತ್ರವನ್ನು ಎಳೆದುಕೊಂಡು ಹೋದರು.

ನನ್ನ ಕಂಚೂ ಒಳಗೆ ಸವೆದಿತ್ತು. ಹೊಸ ಚಕ್ರಕ್ಕೂ ನೀರು ಹಿಡಿಯಲಾಗಲಿಲ್ಲ. ಈಗ ದೋಣಿಯಲ್ಲಿ ಬೇರೆ ಪಂಪಿದೆ. ನಾನು ನರ್ಸಿಯ ಬಾವಿಕಟ್ಟೆಯ ಮೇಲೆ, ಹಗ್ಗ ಜಾರದಂತೆ ಅದರ ತುದಿಗೆ ಭಾರವಾಗಿ ಕುಳಿತಿದ್ದೇನೆ. ಅವಳು ಕೊಡ ಎತ್ತುವಾಗಲೆಲ್ಲ ನನ್ನ ಬಾಯಿಗೂ ಒಂದಿಷ್ಟು ತುಳುಕುತ್ತದೆ. ಉಪ್ಪಿನ ವಿಷಯದಲ್ಲಿ ನನ್ನ ನಾಲಿಗೆ ಸುಳ್ಳು ಹೇಳುವುದಿಲ್ಲ: ಇನ್ನೂ ಸ್ವಲ್ಪ ಇದೆ. ಹೋದ ಮಳೆಗಾಲಕ್ಕಿಂತ ಕಡಿಮೆ.

ಮೊನ್ನೆ ಆಚೆದಡದಿಂದ ನೆಂಟರ ಪೈಕಿ ಮುದುಕಿಯೊಬ್ಬಳು ಬಂದಿದ್ದಳು. ನರ್ಸಿ ಬೆಲ್ಲ ಕೊಟ್ಟು, ನೀರಿನ ಲೋಟ ಹಿಡಿದುಕೊಂಡು ತುಸು ಅನುಮಾನಿಸಿದಳು. ಆ ಮುದುಕಿ ಲೋಟ ಕಿತ್ತುಕೊಂಡು ಗಟಗಟನೆ ಕುಡಿದು, ಬಾಯಿ ಒರೆಸಿಕೊಂಡು ಹೇಳಿದಳು:

“ಇನ್ನೊಂದ್ ಲೋಟ ಕೊಡ್ ಮಾರಾಯ್ತಿ. ಬೆಲ್ಲ ಬೇಡ.”