ಎಪ್ಪತ್ತೊಂಬತ್ತು

ಮಗಳ ಬೆರಳಿನಿಂದ ಆಕ್ಸಿಮೀಟರ್ ಬಿಡಿಸಿ, ಸ್ಯಾನಿಟೈಸರ್ ಹಚ್ಚಿದ ಹತ್ತಿಯಿಂದ ಒರೆಸಿ, ಜಾಹ್ನವಿ ಗಂಡನ ಕಡೆ ಕೈಚಾಚಿದಳು. ಹೋದ ವರ್ಷದ ಮೇ ತಿಂಗಳಿನಿಂದ ಜಪಾನಿನ ತ್ಸುಕುಬಾ ಊರಿನ ಮನೆಯಲ್ಲಿ ಹಲ್ಲುಜ್ಜಿದಷ್ಟೇ ಸಹಜವಾಗಿ ನಡೆದುಬಂದ ಕೆಲಸ. ಇವತ್ತು ಅದು ಫ್ಯೂಜಿ ಬೆಟ್ಟದ ಎಂಟನೇ ಹಂತದಲ್ಲಿ, ಮೂರು ಸಾವಿರ ಮೀಟರಿಗೂ ಮೇಲೆ, ತಂಗುಮನೆಯೊಂದರ ಮುಂದಿನ ಬೆಂಚಿನ ಮೇಲೆ ನಡೆದಿತ್ತು.

ಕೃಪಾಳದು ಎಂಬತ್ತೇಳು ಬಂದಿತ್ತು. "ಅಮ್ಮಾ, ಸ್ಟಾಪ್. ಎವ್ರಿವನ್ ಈಸ್ ಲುಕಿಂಗ್," ಎಂದು ಅವಳು ಮಾಸ್ಕನ್ನು ಕಣ್ಣಿನ ತನಕ ಎಳೆದುಕೊಂಡಿದ್ದಳು. ಸುಮಂತನ ಬೆರಳಿನಲ್ಲಿ ಕೆಂಪು ಅಂಕಿ ಕೊಂಚ ಕುಣಿದು ಎಪ್ಪತ್ತೊಂಬತ್ತಕ್ಕೆ ನಿಂತಿತು.

"ಬ್ಯಾಟರಿ ವೀಕ್ ಆಗಿರ್ಬೇಕು. ಚೇಂಜ್ ಮಾಡಿ ನೋಡು," ಎಂದ ಸುಮಂತ, ನೀರಿನ ಬಾಟಲಿ ತಿರುಗಿಸುತ್ತಾ.

ಆ ಮಾತು ಹಿಂದೆ ಜಾಹ್ನವಿ ಆಡಿದ್ದೇ. ಹೋದ ವರ್ಷ ಬೆಂಗಳೂರಿನಲ್ಲಿ ಅಕ್ಕ ಭಾನುಮತಿ ಕೋವಿಡ್ಡಿನಿಂದ ಹಾಸಿಗೆ ಹಿಡಿದಾಗ, ಹೋಗಲಾಗದೆ ಜಪಾನಿನಲ್ಲೇ ಉಳಿದಿದ್ದ ಜಾಹ್ನವಿ ಬೆಳಿಗ್ಗೆ ಸಂಜೆ ಫೋನಿನಲ್ಲಿ ಅಂಕಿ ಕೇಳುತ್ತಿದ್ದಳು. ತೊಂಬತ್ತಮೂರು, ತೊಂಬತ್ತು, ಎಂಬತ್ತೆಂಟು. ಒಂದು ಸಂಜೆ ಅಕ್ಕ ಎಪ್ಪತ್ತೊಂಬತ್ತು ಅಂದಾಗ ಬ್ಯಾಟರಿ ಬದಲಾಯಿಸಿ ನೋಡು ಅಂದಿದ್ದಳು. "ಹಂಗೇ ಇರ್ಬೇಕು ಕಣೇ, ನಾನು ಚೆನ್ನಾಗೇ ಇದೀನಿ," ಎಂದು ಅಕ್ಕನೂ ಒಪ್ಪಿದ್ದಳು. ಲಾಕ್‌ಡೌನಿನಲ್ಲಿ ಅಂಗಡಿ ಹುಡುಕಿ ಬ್ಯಾಟರಿ ತರುವಷ್ಟರಲ್ಲಿ ಮಾರನೆಯ ದಿನವಾಗಿತ್ತು. ಆಸ್ಪತ್ರೆಯಲ್ಲಿ ಅಕ್ಕ ಬದುಕಿದ್ದು ಎರಡೇ ದಿನ. ಬ್ಯಾಟರಿಯ ಮಾತು ಹೇಳಿದ್ದು ತಾನು ಎಂದು ಜಾಹ್ನವಿ ಗಂಡನಿಗೂ ಹೇಳಿರಲಿಲ್ಲ.

"ಇಳಿದುಬಿಡೋಣ ರೀ."

ಸುಮಂತ ಬೇಸರವನ್ನು ನುಂಗಿಕೊಂಡ. ಬರುವ ಮಾರ್ಚಿಗೆ ಸಂಶೋಧನಾಲಯದಲ್ಲಿ ಅವನ ಕೆಲಸದ ಕರಾರು ಮುಗಿಯುತ್ತಿತ್ತು. ಇದು ಜಪಾನಿನಲ್ಲಿ ಅವರ ಕೊನೆಯ ಬೇಸಿಗೆ. ಕೋವಿಡ್ಡಿನ ಮೊದಲ ವರ್ಷ ಬೆಟ್ಟವೇ ಮುಚ್ಚಿತ್ತು, ಮರುವರ್ಷ ಇವಳು ಮನೆಯ ಬಾಗಿಲು ದಾಟಿರಲಿಲ್ಲ. "ಇಷ್ಟು ಹೈಟ್‌ನಲ್ಲಿ ಎಲ್ರಿಗೂ ಕಮ್ಮಿನೇ ಇರುತ್ತೆ ಜಾನು. ಇದು ಕೋವಿಡ್ ಅಲ್ಲ," ಎಂದ ಮೆಲ್ಲಗೆ.

ಅವಳು ಎದ್ದು, ಸುಮಿಮಾಸೆನ್, ಕ್ಷಮಿಸಿ ಎನ್ನುತ್ತಾ ತಂಗುಮನೆ ನೋಡಿಕೊಳ್ಳುವ ಮೊರಿತಾ-ಸಾನ್ ಅವರನ್ನು ಪ್ಲಾಸ್ಟಿಕ್ ಪರದೆಯ ಆಚೆಯಿಂದ ಕರೆತಂದಳು. ಆ ವೃದ್ಧರು ಅಂಕಿಯನ್ನು ನೋಡಲೇ ಇಲ್ಲ. ಇಲ್ಲಿ ಯಂತ್ರ ಎಲ್ಲರನ್ನೂ ಹೆದರಿಸುತ್ತದೆ, ಕಾಲು ಏನು ಹೇಳುತ್ತದೋ ನೋಡಬೇಕು ಎಂದು, ಕೋಲಿನಿಂದ ಕೆಂಗಲ್ಲಿನ ಪುಡಿಯ ಮೇಲೆ ಒಂದು ಗೆರೆ ಎಳೆದರು. ಒಂದು ಕಾಲಿನ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸುತ್ತಾ ಅದರ ಮೇಲೆ ನಡೆಯಬೇಕು. ಓಲಾಡಿದವರು ಕೆಳಕ್ಕೆ, ತಡ ಮಾಡದೆ. ಸುಮಂತ ನೆಟ್ಟಗೆ ನಡೆದು, ಕೊನೆಯಲ್ಲಿ ಸೊಂಟ ಬಗ್ಗಿಸಿ ನಮಸ್ಕರಿಸಿದ. ಕೃಪಾ ನಕ್ಕಳು. ಅರ್ಧ ಗಂಟೆ ಕೂತು, ನಿಧಾನವಾಗಿ ಹತ್ತಬಹುದು ಎಂದು ಮೊರಿತಾ-ಸಾನ್ ಒಳಹೋದರು.

ಮೀಟರನ್ನು ಮುಷ್ಟಿಯಲ್ಲಿ ಹಿಡಿದು ಜಾಹ್ನವಿ ತಂಗುಮನೆಯ ಹಿಂಬದಿಗೆ ಹೋದಳು. ತನ್ನದನ್ನು ಕೊನೆಗೆ ನೋಡಿಕೊಳ್ಳುವುದು ರೂಢಿ. ಎಷ್ಟೋ ದಿನ ಆ ಕೊನೆ ಬರುತ್ತಲೇ ಇರಲಿಲ್ಲ. ಈಗ ಬೆರಳಿಗೆ ಸಿಕ್ಕಿಸಿಕೊಂಡಳು. ಅರವತ್ತೆಂಟು. ಏಳನೇ ಹಂತದಿಂದಲೂ ತಲೆ ಸಿಡಿಯುತ್ತಿತ್ತು, ಎರಡು ಸಲ ಬಾಯಿಗೆ ಹುಳಿ ಬಂದಿತ್ತು. ಭಯಕ್ಕೆ ಹಾಗಾಗುತ್ತಿದೆ ಎಂದುಕೊಂಡಿದ್ದಳು. ಶೂವಿನ ತುದಿಯಿಂದ ನೆಲದ ಮೇಲೆ ಗೆರೆ ಎಳೆದಳು. ಮೂರನೆಯ ಹೆಜ್ಜೆಗೆ ಬೆಟ್ಟವೇ ಎಡಕ್ಕೆ ವಾಲಿತು. ಅಂಗೈ ಕಲ್ಲುಗೋಡೆಗೆ ಉಜ್ಜಿ ಚರ್ಮ ಕಿತ್ತಿತು. ಮತ್ತೆ ನಡೆದಳು. ಮತ್ತೆ ಮೂರನೆಯ ಹೆಜ್ಜೆ.

ಮೇಲೆ ಬಣ್ಣಬಣ್ಣದ ಚೀಲಗಳ ಸಾಲು ತಿರುವು ತಿರುವಾಗಿ ಏರುತ್ತಿತ್ತು. ಕೆಳಗೆ ಮೋಡ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅವಳ ಎದೆ ಹೊಡೆದುಕೊಳ್ಳುತ್ತಿತ್ತು, ಆದರೆ ಒಂದು ವರ್ಷದಲ್ಲಿ ಮೊದಲ ಬಾರಿಗೆ ಅದು ಅವಳಿಗಾಗಿಯೇ ಹೊಡೆದುಕೊಳ್ಳುತ್ತಿತ್ತು.

"ಜಾನು, ಹೊರಡೋಣ್ವಾ?"

ಅವಳು ಗೋಡೆ ಹಿಡಿದು ಬಂದು ಬೆಂಚಿನ ಮೇಲೆ ಕೂತಳು. ಸುಮಂತ ಚೀಲ ಏರಿಸಿ, ಶಿಖರದ ಕಡೆ ಮುಖ ಮಾಡಿ ನಿಂತಿದ್ದ. ಜಾಹ್ನವಿ ಶೂ ದಾರಗಳನ್ನು ಪೂರ್ತಿ ಸಡಿಲಿಸಿ, ಇಳಿಯುವವರು ಕಟ್ಟುವಂತೆ, ಬೆರಳು ಮುಂದಕ್ಕೆ ಜಾರದ ಹಾಗೆ, ಕಣಕಾಲಿನ ಬಳಿ ಬಿಗಿಯಾಗಿ ಎಳೆದು ಗಂಟು ಹಾಕತೊಡಗಿದಳು.